ಬಾಡಿಗೆ ಮನೆಯ ಲೆಕ್ಕ, ಕೇರಿಯ ಲೆಕ್ಕ

ದಲಿತ ವಿಮರ್ಶೆಯ ಸಂಚಿಕೆಗೆ ಬಾಡಿಗೆ ಮನೆಯ ಲೆಕ್ಕ ಯಾಕೆ ಅಂತ ಕೆಲವರಾದರೂ ಕೇಳಬಹುದು. ವಿಮರ್ಶೆ ಅಂದರೆ ಕಥೆ, ಕವಿತೆ, ಕಾದಂಬರಿಗಳ ಮಾತು ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಕೇರಿಯ ಮನುಷ್ಯನೊಬ್ಬ ಜೀವಮಾನದಲ್ಲಿ ಒಂದೂ ಕಾದಂಬರಿ ಓದದೆ ಇರಬಹುದು. ಆದರೆ ಒಂದಲ್ಲ ಒಂದು ಛಾಪಾ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತದೆ ಸಾಯುವುದು ಕಷ್ಟ. ಆ ಕಾಗದದಲ್ಲಿ ಮಾಲೀಕ ಯಾರು, ಬಾಡಿಗೆದಾರ ಯಾರು, ಸಾಲಗಾರ ಯಾರು, ಸಾಕ್ಷಿ ಯಾರು ಅನ್ನುವುದನ್ನು ಓದುವುದೂ ಓದೇ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಚೋಮನನ್ನು ಕಂಡು ಮರುಗಿದವರು ಎಷ್ಟೋ ಜನ. ಆ ಮರುಕವನ್ನು ಪ್ರಶ್ನೆ ಮಾಡಿದವರೂ ನಮ್ಮಲ್ಲಿದ್ದಾರೆ. ಆದರೆ ಚೋಮ ಕೇಳಿದ್ದೇನು ಅಂತ ನೋಡಿದರೆ ಅದು ದಾನವಲ್ಲ, ಕರುಣೆಯೂ ಅಲ್ಲ. ಗೇಣಿಗೆ ಒಂದು ತುಂಡು ನೆಲ. ಅಂದರೆ ಕೊಟ್ಟು ಪಡೆಯುವ ಒಂದು ವ್ಯವಹಾರದಲ್ಲಿ ತನ್ನನ್ನೂ ಒಬ್ಬ ಅಂತ ಲೆಕ್ಕಕ್ಕೆ ತಗೊಳ್ಳಿ ಅಂತ. ಅದು ಆಗಲಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಲೆಕ್ಕಕ್ಕೆ ಸೇರಿದ ಮಾತನ್ನೇ. ನೆಲದ ಜಾಗದಲ್ಲಿ ಮನೆ ಇದೆ, ಗೇಣಿಯ ಜಾಗದಲ್ಲಿ ಬಾಡಿಗೆ ಇದೆ, ಅಷ್ಟೇ.

1

ಬಾಬಾಸಾಹೇಬರ ಬದುಕಿನ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು. 1917ರಲ್ಲಿ ವಿದೇಶದಿಂದ ಮರಳಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಕಿಸೆಯಲ್ಲಿ ಬಾಡಿಗೆಯ ದುಡ್ಡಿತ್ತು, ಕೈಯಲ್ಲಿ ಕೊಲಂಬಿಯಾದ ಓದಿತ್ತು. ಎರಡೂ ಆ ಕೋಣೆಗೆ ಸಾಲದೇ ಹೋದವು.

ಎರಡನೆಯದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 1930ರ ಸುಮಾರಿಗೆ ವಕೀಲಿ ಒಂದು ಹದಕ್ಕೆ ಬಂದ ಮೇಲೆ ಅವರು ಮುಂಬಯಿಯ ದಾದರ್ ಹಿಂದೂ ಕಾಲೊನಿಯಲ್ಲಿ ಎರಡು ನಿವೇಶನ ತಗೊಂಡರು. ಸಾಲ ಮಾಡಿ ಎರಡರಲ್ಲೂ ಕಟ್ಟಿದರು. ಒಂದು ‘ರಾಜಗೃಹ’, ತಮ್ಮ ಸಂಸಾರಕ್ಕೂ ಪುಸ್ತಕಗಳಿಗೂ. ಇನ್ನೊಂದು ‘ಚಾರ್ ಮಿನಾರ್’, ಬಾಡಿಗೆಗೆ ಕೊಡಲು. 1941ರಲ್ಲಿ ಸಾಲ ತೀರಿಸಲಿಕ್ಕೂ ಪುಸ್ತಕ ಕೊಳ್ಳಲಿಕ್ಕೂ ‘ಚಾರ್ ಮಿನಾರ್’ ಮಾರಿದರು. ರಾಜಗೃಹವನ್ನು ಮಾತ್ರ ಉಳಿಸಿಕೊಂಡರು.

ಕೋಣೆ ಸಿಗದೆ ಬರೋಡಾದ ತೋಟದಲ್ಲಿ ಕೂತವರು ಮುಂದೆ ಬಾಡಿಗೆಗೆ ಕಟ್ಟಿಸಿದ ಮಾಲೀಕರೂ ಆದರು, ಸಾಲಕ್ಕೆ ಅದನ್ನು ಮಾರಿದ ಮಾಲೀಕರೂ ಆದರು. ಮನೆ ಬಾಡಿಗೆಗೆ ಕಟ್ಟುವುದೇನೂ ನಮಗೆ ಹೊರಗಿನ ಸಂಗತಿಯಲ್ಲ, ನಾಚುವ ಸಂಗತಿಯಂತೂ ಅಲ್ಲ. ಆದರೆ ಸಾಲ ಮಾಡಿ ಕಟ್ಟಿದ್ದನ್ನು ಸಾಲ ತಿನ್ನಬಲ್ಲದು ಅನ್ನುವ ಪಾಠವೂ ಅಲ್ಲೇ ಇದೆ.

2

ಈಗ ನಮ್ಮೂರ ಕಡೆ ಬರೋಣ. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯನ್ನು ಬೆಂಗಳೂರು–ಗುಂತಕಲ್ ರೈಲಿನಲ್ಲಿ ಹೋದವರು ಕಂಡಿರುತ್ತಾರೆ. ಮಾಕಳಿದುರ್ಗದ ಬೆಟ್ಟ ದಾಟಿದ ಮೇಲೆ ಬರುವ ಸ್ಟೇಷನ್ನು. ಬಹುಕಾಲ ಅದು ರೈಲು ನಿಲ್ಲುವ ಒಂದು ಹೋಬಳಿ ಊರು, ಅಷ್ಟೇ. 2010ರ ಆಸುಪಾಸಿನಲ್ಲಿ ಎಸಿಸಿ ಸಿಮೆಂಟಿನ ಅರೆಯುವ ಘಟಕ ಬಂತು. ಆ ಕಂಪನಿ 2022ರಲ್ಲಿ ಅದಾನಿ ಗುಂಪಿನ ಕೈಸೇರಿತು. ಗೌರಿಬಿದನೂರಿನ ಕಡೆ ಕೈಗಾರಿಕೆಗಳು, ದೊಡ್ಡಬಳ್ಳಾಪುರದ ಕಡೆ ಕೈಗಾರಿಕೆಗಳು. ಹೀಗೆ ಎರಡೂ ಕಡೆಯಿಂದ ಕೂಲಿ ಹುಡುಗರು, ಲಾರಿ ಡ್ರೈವರುಗಳು, ಮೇಸ್ತ್ರಿಗಳು, ಜೊತೆಗೆ ಮೇಷ್ಟ್ರುಗಳು, ನರ್ಸಮ್ಮಗಳು, ಎಲ್ಲರಿಗೂ ಇರಲಿಕ್ಕೆ ರೂಮು ಬೇಕಾಯಿತು. ತಗಡಿನ ಷೀಟಿನ ಸಾಲುಮನೆಗಳು ಎದ್ದವು.

ನಮ್ಮ ಚಿಕ್ಕಪ್ಪನ ಮಗ, ನಾನು ಅಣ್ಣ ಅಂತ ಕರೆಯುವವನು, ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವನೂ ಕೇರಿಯ ಅಂಚಿನ ಜಾಗದಲ್ಲಿ ನಾಲ್ಕು ರೂಮು ಕಟ್ಟಿದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅವನು ಮಗಳ ಮದುವೆ ಮಾಡಿದ ಮರುವರ್ಷವೇ ಕಟ್ಟಿದ. ಈ ಲೇಖನದ ಲೆಕ್ಕವೆಲ್ಲ ಆ ನಾಲ್ಕು ರೂಮಿನದು. ಅಂಕಿಗಳನ್ನು ಸುಲಭಕ್ಕೆ ದುಂಡಗೆ ಮಾಡಿದ್ದೇನೆ.

3

ಮೊದಲು ಕಾಗದ. ಇಟ್ಟಿಗೆಗಿಂತ ಮುಂಚೆ ಕಾಗದ ಅನ್ನುವುದನ್ನು ನಮ್ಮವರು ಕಲಿಯುವುದು ಯಾವಾಗಲೂ ತಡವಾಗಿ.

ನಮ್ಮ ಕೈಯಲ್ಲಿರುವ ಜಾಗಗಳು ಸಾಮಾನ್ಯವಾಗಿ ಮೂರು ಬಗೆ. ಒಂದು, ಸರ್ಕಾರ ಹಕ್ಕುಪತ್ರ ಕೊಟ್ಟ ನಿವೇಶನ. ಇದರಲ್ಲಿ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇರುತ್ತೆ. ಪೆಟ್ಟಿಗೆಯಲ್ಲಿ ಮಡಚಿಟ್ಟ ಆ ಕಾಗದವನ್ನು ತೆಗೆದು ಓದಿ. ಎರಡು, ಸರ್ಕಾರ ಮಂಜೂರು ಮಾಡಿದ ಜಮೀನು. ಇದಕ್ಕೆ 1978ರ ಪಿಟಿಸಿಎಲ್ ಕಾಯಿದೆಯ ಕಾವಲಿದೆ: ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ, ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರಿದಾರನಿಗೋ ವಾರಸುದಾರರಿಗೋ ಬಿಡಿಸಿಕೊಡಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯನ್ನು ಎತ್ತಿಹಿಡಿಯಿತು. ತಡವಾಗಿ ಬಂದಿರಿ ಅಂತ ಅರ್ಜಿಗಳು ಬಿದ್ದುಹೋಗತೊಡಗಿದ ಮೇಲೆ, 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂತ ಬರೆಯಿತು. ಮೂರು, ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಇನಾಮಾಗಿ ಬಂದ ಜಮೀನು. ಇದು ಪಿಟಿಸಿಎಲ್ ಅಡಿ ಬರುವುದಿಲ್ಲ. 1961ರಲ್ಲಿ ಗ್ರಾಮದ ಹುದ್ದೆಗಳನ್ನು ರದ್ದು ಮಾಡಿದ ಕಾಯಿದೆಯ ಅಡಿ ಬರುತ್ತೆ. ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋದವರಿದ್ದಾರೆ.

ಇಲ್ಲೊಂದು ಮುಳ್ಳಿದೆ. ನಮ್ಮಲ್ಲೇ ನೌಕರಿಗೆ ಸೇರಿದವನೊಬ್ಬ ರಸ್ತೆ ಬದಿಯ ಲೇಔಟಿನಲ್ಲಿ ಸೈಟು ಕೊಳ್ಳುತ್ತಾನೆ. ಆ ಲೇಔಟು ಇಪ್ಪತ್ತು ವರ್ಷದ ಹಿಂದೆ ಇನ್ನೊಬ್ಬ ದಲಿತನಿಗೆ ಮಂಜೂರಾಗಿ, ಒಂದು ಮದುವೆ ಖರ್ಚಿಗೋ ಆಸ್ಪತ್ರೆ ಖರ್ಚಿಗೋ ಕೈಬಿಟ್ಟು ಹೋದ ಜಮೀನಾಗಿರಬಹುದು. ಕಳೆದುಕೊಂಡವನೂ ನಮ್ಮವನೇ, ಕೊಂಡವನೂ ನಮ್ಮವನೇ. ನಡುವೆ ಲಾಭ ಮಾಡಿಕೊಂಡವನು ಎಲ್ಲೋ ಇದ್ದಾನೆ. ಆದ್ದರಿಂದ ಸೈಟು ಕೊಳ್ಳುವ ಮುಂಚೆ ಇ.ಸಿ. ತೆಗೆಸಿದರೆ ಸಾಲದು, ಮೂಲ ಮಂಜೂರಾತಿ ಯಾರ ಹೆಸರಿಗಿತ್ತು ಅಂತ ಹಿಂದಕ್ಕೆ ಹೋಗಿ ನೋಡಬೇಕು. ಇದು ಹಣ ಉಳಿಸಿಕೊಳ್ಳುವ ಎಚ್ಚರವೂ ಹೌದು, ನೈತಿಕ ಎಚ್ಚರವೂ ಹೌದು.

ಪಂಚಾಯಿತಿ ವ್ಯಾಪ್ತಿಯ ಜಾಗಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. 11ರಲ್ಲಿ ‘ಎ’ ಬೇರೆ, ‘ಬಿ’ ಬೇರೆ. ಸಾಲ ಕೇಳುವ ಮುಂಚೆ ನಿಮ್ಮದು ಯಾವುದು ನೋಡಿಕೊಳ್ಳಿ. ‘ಬಿ’ ಕಂಡರೆ ಬ್ಯಾಂಕಿನವರ ಮುಖ ಗಂಟಾಗುತ್ತೆ. ಖಾತೆಯನ್ನು ಹೆಂಗಸರ ಹೆಸರಿಗೆ, ಇಲ್ಲವೇ ಇಬ್ಬರ ಹೆಸರಿಗೆ ಮಾಡಿಸಿದರೆ ಕುಡಿತದ ಒಂದು ಸಂಜೆಯಲ್ಲಿ ಮನೆ ಹೋಗುವುದು ತಪ್ಪುತ್ತೆ. ಇದನ್ನು ನಾನು ಉಪದೇಶಕ್ಕೆ ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ.

4

ಆಮೇಲೆ ಸಾಲ. ನಾಲ್ಕು ರೂಮಿಗೆ ಬಿದ್ದದ್ದು 12 ಲಕ್ಷ. ಅಣ್ಣನ ಕೈಯಲ್ಲಿದ್ದದ್ದು 2 ಲಕ್ಷ. ಒಂದು ಬ್ಯಾಂಕು 7 ಲಕ್ಷ ಕೊಟ್ಟಿತು, ಅದೂ ಅವನ ಸಂಬಳದ ಚೀಟಿ ನೋಡಿ. ಮನೆಯ ಬೆಲೆ ಕಟ್ಟಲು ಬಂದವರು ಜಾಗ ಎಲ್ಲಿ ಅಂತ ಕೇಳಿ, ಬರೆಯುವ ಅಂಕಿಯನ್ನು ಇಳಿಸಿದರು. ಅದೇ ಇಟ್ಟಿಗೆ, ಅದೇ ಸಿಮೆಂಟು, ಅದೇ ಮೇಸ್ತ್ರಿ. ಕೇರಿಯಲ್ಲಿದ್ದರೆ ಒಂದು ಬೆಲೆ, ಊರಲ್ಲಿದ್ದರೆ ಒಂದು ಬೆಲೆ. ಉಳಿದ 3 ಲಕ್ಷಕ್ಕೆ ಅಣ್ಣ ಕೈಸಾಲ ಮಾಡಿದ. ನೂರಕ್ಕೆ ಎರಡು ರೂಪಾಯಿ ಬಡ್ಡಿ.

ಲೆಕ್ಕ ಹಾಕೋಣ. ಬ್ಯಾಂಕಿನ 7 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 9,250 ರೂಪಾಯಿ. ಕೈಸಾಲದ ಬಡ್ಡಿ ತಿಂಗಳಿಗೆ 6,000. ಎರಡೂ ಸೇರಿ 15,250. ರೂಮಿಗೆ 3,000ದಂತೆ ನಾಲ್ಕೂ ತುಂಬಿದರೆ ಬರುವುದು 12,000. ಅಂದರೆ ಎಲ್ಲ ಚೆನ್ನಾಗಿದ್ದ ತಿಂಗಳಲ್ಲೂ 3,250 ಕೈಯಿಂದ ಹೋಗುತ್ತೆ. ಒಂದು ರೂಮು ಖಾಲಿ ಬಿದ್ದರೆ 6,250. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬ್ಯಾಂಕಿನ ಕಂತಿನಲ್ಲಿ ಅಸಲೂ ಕರಗುತ್ತಾ ಹೋಗುತ್ತೆ. ಕೈಸಾಲದಲ್ಲಿ ಐದು ವರ್ಷಕ್ಕೆ 3,60,000 ಬಡ್ಡಿ ಕಟ್ಟಿದರೂ ಅಸಲು 3 ಲಕ್ಷ ಹಾಗೇ ಕೂತಿರುತ್ತೆ. ನೂರಕ್ಕೆ ಎರಡು ರೂಪಾಯಿ ಅಂದರೆ ಕಮ್ಮಿ ಅಂತ ಕಿವಿಗೆ ಕೇಳಿಸುತ್ತೆ, ಅದು ವರ್ಷಕ್ಕೆ ಇಪ್ಪತ್ತನಾಲ್ಕು. ತಿಂಗಳ ಲೆಕ್ಕದಲ್ಲಿ ಹೇಳುವುದೇ ಆ ಬಡ್ಡಿಯ ಚಾಲಾಕಿತನ.

ಹಾಗಾದರೆ ಏನು ಮಾಡಬೇಕಿತ್ತು? ಎರಡೇ ರೂಮು ಕಟ್ಟಬೇಕಿತ್ತು. ಖರ್ಚು 6 ಲಕ್ಷ. ಕೈಯಲ್ಲಿ 2, ಬ್ಯಾಂಕಿನಿಂದ 4. ಕಂತು ಸುಮಾರು 5,290. ಎರಡು ರೂಮಿಂದ 6,000 ಬಾಡಿಗೆ. ಒಂದೊಂದು ರೂಮು ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಇಟ್ಟುಕೊಂಡರೆ ಸರಾಸರಿ 5,500. ಕಂತು ಕಟ್ಟಿ ಉಳಿಯುವುದು ಇನ್ನೂರು ಚಿಲ್ಲರೆ. ಸುಣ್ಣ ಬಣ್ಣ, ಕಂದಾಯ, ಕೆಟ್ಟ ನಲ್ಲಿ, ಎಲ್ಲಾ ಕೈಯಿಂದಲೇ. ಅಂದರೆ ಬಾಡಿಗೆ ಮನೆ ಮೊದಲ ಹತ್ತು ವರ್ಷ ಅನ್ನ ಹಾಕುವುದಿಲ್ಲ, ತನ್ನ ಸಾಲವನ್ನು ತಾನು ತೀರಿಸಿಕೊಂಡರೆ ಅದೇ ದೊಡ್ಡದು. ಹನ್ನೊಂದನೇ ವರ್ಷದಿಂದ ಅದು ನಿಮ್ಮದು. ಅಲ್ಲಿಯವರೆಗೆ ತಡೆಯುವ ಬೇರೆ ದುಡಿಮೆ ಇದ್ದವರು ಮಾತ್ರ ಕೈಹಾಕಬೇಕು. ಬಾಡಿಗೆ ಬರುತ್ತೆ ಅಂತ ಕೂಲಿ ಬಿಟ್ಟು ಕೂತವರ ಮನೆ ಉಳಿದದ್ದನ್ನು ನಾನು ನೋಡಿಲ್ಲ.

ಬ್ಯಾಂಕಿನ ಸಾಲವೂ ತಮಾಷೆಯಲ್ಲ. ಮೂರು ತಿಂಗಳು ಕಂತು ತಪ್ಪಿದರೆ ಖಾತೆ ಕೆಟ್ಟ ಸಾಲವಾಗುತ್ತೆ. 2002ರ ಸರ್ಫೇಸಿ ಕಾಯಿದೆಯಂತೆ ಅರವತ್ತು ದಿನದ ನೋಟೀಸು ಕೊಟ್ಟು ಮನೆಯನ್ನು ವಶಕ್ಕೆ ತಗೊಳ್ಳಬಹುದು. ನೋಟೀಸು ಬಂದಾಗ ಹೆದರಿ ಬಾಗಿಲು ಹಾಕಿಕೊಳ್ಳದೆ ಬ್ಯಾಂಕಿಗೆ ಹೋಗಿ ಮಾತಾಡಿ, ಲಿಖಿತವಾಗಿ ಉತ್ತರ ಕೊಡಿ. ಆ ಕಂತು ಕಟ್ಟಲಿಕ್ಕೆ ವಾರದ ಕಂತಿನ ಸಣ್ಣ ಸಾಲ ಮಾತ್ರ ತೆಗೆಯಬೇಡಿ. ವಸೂಲಿಯ ಕಾಟಕ್ಕೆ ಕಡಿವಾಣ ಹಾಕಲು 2025ರಲ್ಲಿ ರಾಜ್ಯ ಕಾಯಿದೆ ತಂದಿದೆ, ನಿಜ. ಕಾಯಿದೆ ಕಾಟವನ್ನು ತಡೆಯಬಹುದು, ಸಾಲವನ್ನು ಕರಗಿಸುವುದಿಲ್ಲ.

5

ಇನ್ನು ಭೋಗ್ಯ. ಈ ಪದ ಕೇಳಿದರೆ ನಮ್ಮ ಹಿರಿಯರಿಗೆ ಹೊಟ್ಟೆಯೊಳಗೆ ಏನೋ ಆಗುತ್ತೆ. ಹೊಲವನ್ನು ಭೋಗ್ಯಕ್ಕೆ ಹಾಕಿ, ಬಿಡಿಸಿಕೊಳ್ಳಲಾಗದೆ, ಅದೇ ಹೊಲದಲ್ಲಿ ಕೂಲಿ ಮಾಡಿದವರು ಅವರು. ಈಗ ಮನೆಯ ಭೋಗ್ಯ ಬಂದಿದೆ. ಬಾಡಿಗೆದಾರ ಒಂದು ಗಂಟು ಕೊಡುತ್ತಾನೆ, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತಾನೆ, ಬಿಡುವಾಗ ಗಂಟು ವಾಪಸ್ಸು. ಬಡ್ಡಿ ಇಲ್ಲದ ಸಾಲ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಬಿಟ್ಟುಕೊಟ್ಟ ಬಾಡಿಗೆಯೇ ಬಡ್ಡಿ.

ತಿಂಗಳಿಗೆ 3,000 ಬಾಡಿಗೆಯ ರೂಮಿಗೆ 2 ಲಕ್ಷ ಭೋಗ್ಯ ಬಂತು ಅನ್ನಿ. ವರ್ಷಕ್ಕೆ ಬಿಟ್ಟ ಬಾಡಿಗೆ 36,000, ಅಂದರೆ ನೂರಕ್ಕೆ 18. ಬ್ಯಾಂಕಿಗಿಂತ ದುಬಾರಿ, ಕೈಸಾಲಕ್ಕಿಂತ ಅಗ್ಗ. ಆದ್ದರಿಂದ ಭೋಗ್ಯದ ಹಣಕ್ಕೆ ಒಂದೇ ಸರಿಯಾದ ಉಪಯೋಗ: ಅದಕ್ಕಿಂತ ದುಬಾರಿ ಸಾಲ ತೀರಿಸುವುದು. ಅಣ್ಣ ಕೊನೆಗೆ ಹಾಗೇ ಮಾಡಿದ. ಒಂದು ರೂಮು ಭೋಗ್ಯಕ್ಕೆ ಕೊಟ್ಟು ಕೈಸಾಲವನ್ನು 3 ಲಕ್ಷದಿಂದ 1 ಲಕ್ಷಕ್ಕೆ ಇಳಿಸಿದ. ಬಡ್ಡಿ 6,000ದಿಂದ 2,000ಕ್ಕೆ ಬಂತು, ಬಾಡಿಗೆ 12,000ದಿಂದ 9,000ಕ್ಕೆ ಬಂತು. ತಿಂಗಳಿಗೆ ಉಳಿದದ್ದು ಒಂದೇ ಸಾವಿರ. ಆ ಸಾವಿರವನ್ನು ಮುಟ್ಟದೆ ಕಟ್ಟಿದರೂ ಮೂರು ವರ್ಷಕ್ಕೆ 36,000. ಹಿಂದಿರುಗಿಸಬೇಕಾದ್ದು 2 ಲಕ್ಷ. ಉಳಿದದ್ದು ಎಲ್ಲಿಂದ? ಮತ್ತೊಬ್ಬ ಭೋಗ್ಯದವನಿಂದ. ಅವನು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಮತ್ತೆ ಅದೇ ಕೈಸಾಲದ ಬಾಗಿಲು. ಭೋಗ್ಯದ ಗಂಟಿನಲ್ಲಿ ಟಿ.ವಿ. ತಂದವರ, ದೇವರು ಮಾಡಿದವರ ಮನೆಗಳಲ್ಲಿ ಬಾಡಿಗೆದಾರ ಮಾಲೀಕನಾಗಿ ಕೂತಿದ್ದಾನೆ. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಿದರೆ ಇಬ್ಬರಿಗೂ ಕ್ಷೇಮ. ಬಿಳಿ ಹಾಳೆಯ ಮೇಲೆ ಬರೆದದ್ದು ಜಗಳದ ದಿನ ಕೆಲಸಕ್ಕೆ ಬರುವುದಿಲ್ಲ.

6

ನಡೆಸುವುದು ಅತ್ತಿಗೆ. ಅಣ್ಣ ಹಳಿಯ ಮೇಲೆ, ಅತ್ತಿಗೆ ರೂಮುಗಳ ಮೇಲೆ. ಅವರ ಹತ್ತಿರ ಒಂದು ನೋಟ್‌ಬುಕ್ಕಿದೆ. ಒಂದೊಂದು ರೂಮಿಗೆ ಒಂದೊಂದು ಪುಟ: ಬಂದ ತಾರೀಖು, ಅಡ್ವಾನ್ಸು, ಬಾಡಿಗೆ, ಕರೆಂಟಿನ ಮೀಟರು, ರಿಪೇರಿ. ಬಾಡಿಗೆ ಇಸ್ಕೊಂಡ ಕೂಡಲೇ ಬಾಡಿಗೆದಾರನ ಎದುರೇ ಬರೆದು ಅವನ ಸಹಿ ಹಾಕಿಸ್ತಾರೆ. ‘ನಂಬಿಕೆ ಬೇರೆ, ನೋಟ್‌ಬುಕ್ಕು ಬೇರೆ ಕಣಪ್ಪ’ ಅಂತಾರೆ. ಪ್ರತಿ ರೂಮಿಗೂ ಸಬ್‌ಮೀಟರು ಹಾಕಿಸಿದ ಮೇಲೆ ಕರೆಂಟಿನ ಜಗಳ ನಿಂತಿತು. ನೀರಿನದು ನಿಂತಿಲ್ಲ. ನಮ್ಮ ಕಡೆ ಬೋರು ಆಳ, ಫ್ಲೋರೈಡು ಬೇರೆ. ಕುಡಿಯುವ ನೀರು ಎಲ್ಲಿಂದ, ಬಳಸುವ ನೀರು ದಿನಕ್ಕೆ ಎಷ್ಟು ಹೊತ್ತು ಅಂತ ಮೊದಲೇ ಹೇಳಿ ರೂಮು ಕೊಡಬೇಕು.

ಹನ್ನೊಂದು ತಿಂಗಳ ಕರಾರು ಯಾಕೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು. ತಿಂಗಳ ಬಾಡಿಗೆಯ ಮನೆ ಬಿಡಿಸಲು, ಕರಾರಿನಲ್ಲಿ ಬೇರೆ ಬರೆಯದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆ ಹದಿನೈದು ದಿನದ ನೋಟೀಸು ಕೇಳುತ್ತೆ. ರಾತ್ರೋರಾತ್ರಿ ಪಾತ್ರೆ ಹೊರಗೆಸೆಯುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. ನಮ್ಮ ಪಾತ್ರೆಗಳು ಹೊರಗೆ ಬಿದ್ದದ್ದನ್ನು ನೆನೆಸಿಕೊಂಡು ನಾವು ಇದನ್ನು ಪಾಲಿಸಬೇಕು.

7

ಕೊನೆಗೆ ಬಾಡಿಗೆದಾರ. ಅಣ್ಣನ ರೂಮಿಗೆ ಊರಿನ ಕಡೆಯ ರೂಮಿಗಿಂತ ಐನೂರು ಕಮ್ಮಿ. ಸ್ಥಳೀಯ ಮೇಷ್ಟ್ರು ಬಂದು ನೋಡ್ತಾರೆ, ‘ರೂಮು ಚೆನ್ನಾಗಿದೆ’ ಅಂತಾರೆ, ಮತ್ತೆ ಬರುವುದಿಲ್ಲ. ಬಂದು ಇರುವವರು ಬಿಹಾರ, ಒಡಿಶಾ ಕಡೆಯ ಹುಡುಗರು. ಅವರಿಗೆ ಊರು ಯಾವುದು ಕೇರಿ ಯಾವುದು ಗೊತ್ತಿಲ್ಲ. ನಮ್ಮ ಬಾಡಿಗೆ ನಡೆಯುತ್ತಿರುವುದೇ ಆ ಗೊತ್ತಿಲ್ಲದಿರುವಿಕೆಯ ಮೇಲೆ. ದೆಹಲಿ ಸುತ್ತಮುತ್ತ ಬೇರೆ ಬೇರೆ ಹೆಸರು ಹೇಳಿ ಬಾಡಿಗೆ ಮನೆ ಕೇಳಿಸಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಲಿತ ಹೆಸರಿಗೆ ಬಾಗಿಲು ಕಮ್ಮಿ ತೆರೆಯಿತು, ಮುಸ್ಲಿಂ ಹೆಸರಿಗೆ ಇನ್ನೂ ಕಮ್ಮಿ. ಬರೋಡಾದಿಂದ ದೆಹಲಿಗೆ ನೂರು ವರ್ಷ.

ಕಾನೂನು ಇಲ್ಲ ಅಂತಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಕಲಮು, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅಪರಾಧ ಅನ್ನುತ್ತೆ. ಆದರೆ ಯಾವ ಮಾಲೀಕ ಕಾರಣ ಹೇಳುತ್ತಾನೆ? ‘ಆಗಲೇ ಬೇರೆಯವರಿಗೆ ಮಾತು ಕೊಟ್ಟಾಯ್ತು’ ಅಂತಾನೆ. ಎರಡು ದಿನ ಬಿಟ್ಟು ನೋಡಿದರೆ ‘ಮನೆ ಬಾಡಿಗೆಗಿದೆ’ ಬೋರ್ಡು ಅಲ್ಲೇ ತೂಗ್ತಿರುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ಹೋದ ವರ್ಷ ಒಂದು ರೂಮು ಖಾಲಿಯಾಯಿತು. ಪಾವಗಡದ ಕಡೆಯಿಂದ ಕಂಟ್ರಾಕ್ಟ್ ಕೆಲಸಕ್ಕೆ ಬಂದ ಹುಡುಗನೊಬ್ಬ ಕೇಳಿಕೊಂಡು ಬಂದ. ನಾನು ಜಗಲಿಯ ಮೇಲೆ ಕೂತಿದ್ದೆ. ಅಣ್ಣ ಬಾಡಿಗೆ ಹೇಳಿದ, ಅಡ್ವಾನ್ಸು ಹೇಳಿದ, ಆಮೇಲೆ ಕೇಳಿದ: ‘ಯಾವ ಜನಪ್ಪ ನೀನು?’ ಹುಡುಗ ನೆಲ ನೋಡಿಕೊಂಡು ಹೇಳಿದ. ನಾವು ಬಲಗೈ, ಅವನು ಎಡಗೈ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋಡೋಣ, ಇನ್ನೊಬ್ರಿಗೆ ಹೇಳಿದ್ದೀನಿ’ ಅಂದ. ಇನ್ನೊಬ್ಬರು ಯಾರೂ ಇರಲಿಲ್ಲ.

ಒಳಗಿನಿಂದ ಅತ್ತಿಗೆ ನೋಟ್‌ಬುಕ್ಕು ಹಿಡಿದುಕೊಂಡೇ ಬಂದರು. ‘ಕಂತು ಕಟ್ಟೋಕೆ ಇನ್ನೂ ನಾಕು ವರ್ಷ ಇದೆ, ನಿಂಗೆ ಜನ ಬೇಕಾ ಬಾಡಿಗೆ ಬೇಕಾ’ ಅಂದು ಬೀಗದಕೈ ಹುಡುಗನ ಕೈಗೆ ಕೊಟ್ಟರು. ಅವರು ಹೇಳಿದ್ದು ಹಣದ ಲೆಕ್ಕ. ಕ್ರಾಂತಿಯ ಮಾತೇನೂ ಅಲ್ಲ. ಆದರೆ ಅಣ್ಣನ ಬಾಯಲ್ಲಿ ಬಂದ ಮಾತು ಯಾರದು ಅಂತ ನಾನು ಅವತ್ತಿಂದ ಯೋಚಿಸುತ್ತಿದ್ದೇನೆ. ಮಾಲೀಕ ಅನ್ನುವ ಪದದ ಜೊತೆಗೆ ಮಾಲೀಕನ ಪ್ರಶ್ನೆಯೂ ಬಂದುಬಿಡುತ್ತೆ, ಖಾತೆಯ ಜೊತೆ ಕಂದಾಯ ಬಂದ ಹಾಗೆ. ಮನೆ ಕಟ್ಟುವುದಕ್ಕೆ ಬೇಕಾದ ಕಾಗದ, ಸಾಲ, ಕಂತುಗಳನ್ನು ನಾವು ಕಲಿಯಬಹುದು, ಕಲಿಯಲೇಬೇಕು. ಆ ಒಂದು ಪ್ರಶ್ನೆಯನ್ನು ಮಾತ್ರ ಮರೆಯುವುದನ್ನು ಕಲಿಯಬೇಕು.

ಹುಡುಗ ಈಗಲೂ ಆ ರೂಮಿನಲ್ಲೇ ಇದ್ದಾನೆ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ನೋಟ್‌ಬುಕ್ಕಿನಲ್ಲಿ ಸಹಿ ಹಾಕುತ್ತಾನೆ.